ಬಿಲ್ಡಿಂಗಿಗೂ ಸಂದ ಪ್ರದಕ್ಷಿಣೆ

ಅಶ್ವತ್ಥ ಮರವನ್ನು ಶನಿವಾರ ಮಾತ್ರ ಮುಟ್ಟಬಹುದು. ಉಳಿದ ದಿನ ದೂರದಿಂದ ಕೈಮುಗಿದು ಹೋಗಬೇಕು. ಇದನ್ನು ನನಗೆ ಹೇಳಿಕೊಟ್ಟವರು ತಾಯಿಯೂ ಅಲ್ಲ, ಅತ್ತೆಯೂ ಅಲ್ಲ. ಅಂಧೇರಿಯ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದ ಅಕ್ಕ. ಒಡಹುಟ್ಟಿದವರಲ್ಲ, ನಮ್ಮ ಉಡುಪಿ ಕಡೆಯವರು, ನನಗಿಂತ ದೊಡ್ಡವರು, ಹಾಗಾಗಿ ಅಕ್ಕ.

ಅರವತ್ತರ ದಶಕ ಮುಗಿಯುತ್ತ ಬಂದಾಗ ನಾನು ಮದುವೆಯಾಗಿ ಆ ಚಾಳಿಗೆ ಹೋದೆ. ನಮ್ಮ ಮನೆಯವರು ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಅಡಿಗೆಯವರು. ಆ ಹೋಟೆಲು ಅಕ್ಕನ ಗಂಡನದ್ದು. ಆಗ ಹೋಟೆಲೆಂದರೆ ನಾಲ್ಕು ಮೇಜು, ಹೊಗೆ ಹಿಡಿದ ಒಂದು ಗೋಡೆ, ಅದರ ಮೇಲೆ ದೇವರ ಪಟ. ಧನಿ ಗಲ್ಲಾದಲ್ಲಿ ಕೂರುತ್ತಿದ್ದರು, ನಮ್ಮವರು ಒಲೆಯ ಮುಂದೆ ನಿಲ್ಲುತ್ತಿದ್ದರು. ಹಗಲು ಇದ್ದ ವ್ಯತ್ಯಾಸ ಅಷ್ಟೇ. ಕೆಲಸ ಮುಗಿದ ಮೇಲೆ ಇಬ್ಬರೂ ಒಟ್ಟಿಗೆ ನಡೆದುಕೊಂಡು ಬಂದು ಒಂದೇ ನಳ್ಳಿಯಲ್ಲಿ ಕಾಲು ತೊಳೆಯುತ್ತಿದ್ದರು. ಅಕ್ಕನಿಗೂ ನನಗೂ ಗ್ಯಾಲರಿಯಲ್ಲಿ ಒಂದೇ ಅರೆಯುವ ಕಲ್ಲು. ಅವರು ಗುಂಡು ತಿರುಗಿಸಿದರೆ ನಾನು ಅಕ್ಕಿ ತಳ್ಳಿಕೊಡುವುದು, ನಾನು ತಿರುಗಿಸಿದರೆ ಅವರು. ಊರಿನ ಮಾತು, ತುಳುವಿನ ಮಾತು, ಎಲ್ಲ ಆ ಕಲ್ಲಿನ ಮುಂದೆಯೇ ಆಗುತ್ತಿತ್ತು.

ಚಾಳಿನ ಪಕ್ಕ ಖಾಲಿ ಜಾಗವಿತ್ತು. ಅಲ್ಲಿ ಆ ಮರ. ಬುಡಕ್ಕೆ ಯಾರೋ ಪುಣ್ಯಾತ್ಮರು ಕಲ್ಲು ಜೋಡಿಸಿ ಕಟ್ಟೆ ಮಾಡಿದ್ದರು. ಅಕ್ಕನಿಗೆ ವರ್ಷಗಟ್ಟಲೆ ಮಕ್ಕಳಿರಲಿಲ್ಲವಂತೆ. ಆ ಮರಕ್ಕೆ ಶನಿವಾರ ಶನಿವಾರ ಸುತ್ತು ಬಂದ ಮೇಲೆ ಮಗ ಹುಟ್ಟಿದ. ನಾನು ಹೋಗುವಾಗ ಅವನು ಚಡ್ಡಿಯಿಲ್ಲದೆ ಗ್ಯಾಲರಿ ತುಂಬ ಓಡುತ್ತಿದ್ದ.

ನನಗೆ ಎರಡು ಸಲ ಬಸಿರು ನಿಂತು, ಉಳಿಯದೆ ಹೋಯಿತು. ಎರಡನೆಯದಕ್ಕೆ ಏಳು ತಿಂಗಳು ತುಂಬಿತ್ತು. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಮುನ್ಸಿಪಾಲ್ಟಿ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದಾಗ ಅಕ್ಕ ಬಂದು ನನ್ನನ್ನು ಎಬ್ಬಿಸಿ ಕೂರಿಸಿದರು, ತಲೆಗೆ ಎಣ್ಣೆ ಹಚ್ಚಿದರು, ಗಂಟು ಬಿಡಿಸಿ ಬಾಚಿದರು. ಮೈ ಶುದ್ಧವಾದ ಮೇಲಿನ ಮೊದಲ ಶನಿವಾರ ನನ್ನ ಕೈ ಹಿಡಿದುಕೊಂಡು ಮರದ ಹತ್ತಿರ ಹೋದರು. ಹರಕೆಯ ಮಾತನ್ನು ಅವರೇ ಹೇಳಿದರು, ನಾನು ಅವರ ಹಿಂದೆ ಹೇಳಿದೆ: ಜೀವವಿರುವ ಮಗು ಕೈಗೆ ಬರುವವರೆಗೆ, ಹೊರಗೆ ಕೂತ ದಿನ ಬಿಟ್ಟು, ಒಂದು ಶನಿವಾರವೂ ಸುತ್ತು ತಪ್ಪಿಸುವುದಿಲ್ಲ. ಕೈಯಲ್ಲಿ ಹೂವು ಹಿಡಿದು, ಸುತ್ತಿಗೊಂದರಂತೆ ಬುಡದಲ್ಲಿಟ್ಟು, ಕೈ ಬರಿದಾಗುವವರೆಗೆ ಸುತ್ತುವುದು. ಸುತ್ತು ಮುಗಿದ ಮೇಲೆ ಮರವನ್ನು ಮುಟ್ಟಿ ಹೊಟ್ಟೆ ಮುಟ್ಟಿಕೊಳ್ಳುವುದು.

ಆಮೇಲೆ ಹೋಟೆಲಿಗೆ ದೇವರು ಕೊಟ್ಟ. ಕೊಟ್ಟದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ವಿಲೆ ಪಾರ್ಲೆಯಲ್ಲಿ ಇನ್ನೊಂದು ಹೋಟೆಲಾಯಿತು. ಪಕ್ಕದ ಖಾಲಿ ಜಾಗದಲ್ಲಿ ಬಿಲ್ಡಿಂಗ್ ಎದ್ದಿತು. ಮರ ಪ್ಲಾಟಿನ ಅಂಚಿನಲ್ಲಿತ್ತು, ಕಡಿಯಲು ಕೆಲಸದವರೇ ಒಪ್ಪಲಿಲ್ಲವಂತೆ, ಉಳಿಯಿತು. ಧನಿಗಳು ಆ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಬಾಲ್ಕನಿ ಇರುವ ಫ್ಲ್ಯಾಟು ತೆಗೆದುಕೊಂಡರು. ಪಾತ್ರೆಪಗಡಿಯನ್ನೆಲ್ಲ ಚಾಳಿನವರೇ ಹೊತ್ತು ಮೆಟ್ಟಿಲು ಹತ್ತಿದೆವು. ಗೃಹಪ್ರವೇಶದ ಅಡಿಗೆ ನಮ್ಮವರದು. ಹೊಸ ಮನೆಗೆ ಹೊಸ ಅರೆಯುವ ಕಲ್ಲು ಬಂದಿತ್ತು, ಹಳೆಯದನ್ನು ಅಕ್ಕ ನನಗೇ ಬಿಟ್ಟರು. ನನಗೆ ಸಂತೋಷವಾಯಿತು. ಅವರು ದೂರವೇನೂ ಹೋಗಿರಲಿಲ್ಲ, ಬಾಲ್ಕನಿಯಿಂದ ಕೂಗಿದರೆ ನಮ್ಮ ಗ್ಯಾಲರಿಗೆ ಕೇಳುತ್ತಿತ್ತು. ಕೆಲವು ದಿನ ಕೂಗಿದರು ಕೂಡ.

ಒಂದು ದಿನ ನಮ್ಮ ಮನೆಯವರು ಊಟಕ್ಕೆ ಕೂತವರು ತಲೆಯೆತ್ತದೆ, ಇನ್ನು ಅಕ್ಕ ಅನ್ನಬೇಡ, ಅಮ್ಮ ಅನ್ನು, ಹೋಟೆಲಿನಲ್ಲಿ ಎಲ್ಲರೂ ಹಾಗೇ ಅನ್ನುವುದು ಎಂದರು. ಯಾರು ಹೇಳಿಸಿದ್ದು ಎಂದು ನಾನು ಕೇಳಲಿಲ್ಲ. ಎದುರಿಗೆ ಸಿಕ್ಕಾಗ ಏನೂ ಅನ್ನದೆ ನಕ್ಕು ಸುಮ್ಮನಾಗುತ್ತಿದ್ದೆ.

ಬಿಲ್ಡಿಂಗಿನ ನೆಲಮಹಡಿಯವರ ಬಟ್ಟೆ ಹಗ್ಗದಿಂದ ಒಂದು ಸೀರೆ ಹೋಯಿತು. ಯಾರು ಒಯ್ದರೋ ಆ ಪರಮಾತ್ಮನಿಗೇ ಗೊತ್ತು. ಬಿಲ್ಡಿಂಗಿನ ಸುತ್ತ ರಸ್ತೆಯಿದೆ, ಎಮ್ಮೆಗಳ ತಬೇಲೆಯಿದೆ, ಹಿಟ್ಟಿನ ಗಿರಣಿಯಿದೆ. ಆದರೆ ಗೋಡೆ ಮೊದಲು ಎದ್ದದ್ದು ನಮ್ಮ ಚಾಳಿನ ಕಡೆಗೆ. ಆಳೆತ್ತರದ ಗೋಡೆ, ಮೇಲೆ ಒಡೆದ ಬಾಟಲಿಯ ಗಾಜು. ಮರ ಒಳಗೆ ಹೋಯಿತು. ಮುಂದಿನ ಗೇಟಿಗೆ ವಾಚ್‌ಮನ್ ಬಂದ, ಹಿಂದೆ ಕೆಲಸದವರಿಗೆಂದು ತಗಡಿನ ಸಣ್ಣ ಗೇಟು ಬಂತು. ನಮ್ಮ ಚಾಳಿನ ಮರಾಠಿ ಬಾಯಿಯೊಬ್ಬಳು ಆ ಬಿಲ್ಡಿಂಗಿನ ನಾಲ್ಕಾರು ಮನೆಗಳಲ್ಲಿ ಭಾಂಡಿ ತಿಕ್ಕುತ್ತಿದ್ದಳು. ಅವಳು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ: ಕೈಯಲ್ಲಿ ಎಂಜಲು ಪಾತ್ರೆ ಹಿಡಿದಿದ್ದರೆ ನನ್ನನ್ನು ಒಳಗೆ ಬಿಡುತ್ತಾರೆ, ಹೂವು ಹಿಡಿದಿದ್ದರೆ ಇಲ್ಲ.

ಆ ಹೊತ್ತಿಗೆ ನಾನು ಮತ್ತೆ ಬಸುರಿ. ನಾಲ್ಕು ತಿಂಗಳು.

ಗೋಡೆ ಮುಗಿದ ಮೇಲಿನ ಮೊದಲ ಶನಿವಾರ ಸ್ನಾನ ಮಾಡಿ, ಒದ್ದೆ ತಲೆಗೆ ಬಟ್ಟೆ ಸುತ್ತಿ, ಹೂವು ಹಿಡಿದುಕೊಂಡು ಮುಂದಿನ ಗೇಟಿಗೆ ಹೋದೆ. ವಾಚ್‌ಮನ್ ಉತ್ತರದ ಕಡೆಯ ಭೈಯಾ, ಕೆಟ್ಟವನಲ್ಲ. ಯಾವ ಫ್ಲ್ಯಾಟಿಗೆ ಹೋಗಬೇಕು ಎಂದು ಹಿಂದಿಯಲ್ಲಿ ಕೇಳಿದ. ಯಾವ ಫ್ಲ್ಯಾಟಿಗೂ ಇಲ್ಲ, ಮರಕ್ಕೆ ಎಂದೆ. ಅವನು ಪಾಪ ತಲೆ ಕೆರೆದುಕೊಂಡು, ಮರಕ್ಕೆ ಫ್ಲ್ಯಾಟ್ ನಂಬರ್ ಇಲ್ಲವಲ್ಲ ಬಾಯಿ, ನಾನು ಬುಕ್ಕಿನಲ್ಲಿ ಏನೆಂದು ಬರೆಯಲಿ ಎಂದ. ಚಾಳಿನವರನ್ನು ಬಿಟ್ಟರೆ ಅವನ ನೌಕರಿಗೆ ಸಂಚಕಾರ ಎಂದೂ ಹೇಳಿದ. ಎರಡನೇ ಮಾಳಿಗೆಯ ಬಾಲ್ಕನಿ ಕಡೆ ನೋಡಿದೆ. ಬಟ್ಟೆ ಒಣಗಿಸಿತ್ತು, ಯಾರೂ ಇರಲಿಲ್ಲ.

ತಿರುಗಿ ನಮ್ಮ ಗಲ್ಲಿಗೆ ಬಂದು ಗೋಡೆಯ ಮುಂದೆ ನಿಂತೆ. ಮರ ಗೋಡೆಗೆ ತಾಗಿಕೊಂಡೇ ಆಚೆಗಿತ್ತು, ಅರ್ಧ ಕೊಂಬೆ ನಮ್ಮ ಕಡೆಗೆ ಚಾಚಿತ್ತು. ಎಲೆ ನಮ್ಮ ಗಲ್ಲಿಗೂ ಬೀಳುತ್ತಿತ್ತು, ಅದನ್ನು ತಡೆಯುವ ಗೋಡೆ ಕಟ್ಟಲು ಬರುವುದಿಲ್ಲವಲ್ಲ. ಮನೆಗೆ ಹೋಗಿ ದೇವರ ಗೂಡಿನ ಮುಂದೆಯೇ ಸುತ್ತು ಬಂದರಾಯಿತು ಎಂದು ಯಾರಾದರೂ ಹೇಳಬಹುದು. ನಾನು ಮಾತು ಕೊಟ್ಟದ್ದು ಗೂಡಿಗಲ್ಲ. ಹೊಟ್ಟೆಯಲ್ಲಿ ಮೂರನೆಯದು. ಮಾತಿಗೆ ತಪ್ಪುವ ಧೈರ್ಯ ನನಗಿರಲಿಲ್ಲ.

ನಿಂತಲ್ಲಿಯೇ ಹೊಳೆಯಿತು. ಮರವನ್ನು ಸುತ್ತಬೇಕು, ಸುತ್ತು ಎಷ್ಟು ದೊಡ್ಡದಿರಬೇಕು ಎಂದು ಯಾವ ಶಾಸ್ತ್ರದಲ್ಲೂ ಇಲ್ಲ. ದೇವಸ್ಥಾನದಲ್ಲಿ ಒಳಸುತ್ತು ಉಂಟು, ಹೊರಸುತ್ತು ಉಂಟು, ಊರಿನಲ್ಲಿ ರಥಬೀದಿಯನ್ನೇ ಸುತ್ತಿ ಬರುವವರೂ ಉಂಟು. ಬಿಲ್ಡಿಂಗನ್ನೇ ಸುತ್ತಿದರೆ ಮರವೂ ಅದರೊಳಗೆ ಬಂತು. ಇಷ್ಟು ಹೊಳೆದದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಹೊರಟೆ. ಗಲ್ಲಿಯಿಂದ ದೊಡ್ಡ ರಸ್ತೆ, ಮುಂದಿನ ಗೇಟು, ಅಲ್ಲಿಂದ ಗಿರಣಿಯ ಗಲ್ಲಿ, ಹಿಂದೆ ತಬೇಲೆ, ತಬೇಲೆಯಿಂದ ಮತ್ತೆ ನಮ್ಮ ಗಲ್ಲಿ. ವಾಚ್‌ಮನ್ ಎದುರು ತಲೆಯೆತ್ತಿಕೊಂಡೇ ಹಾದುಹೋದೆ. ಸುತ್ತು ಮುಗಿಸಿ ಎಮ್ಮೆಗಳ ನಡುವಿನಿಂದ ನಾನು ಬರುವಾಗ ಕೆಲಸಕ್ಕೆ ಹೊರಟಿದ್ದ ಮರಾಠಿ ಬಾಯಿ ಎದುರಾದಳು. ಏನು ಮಾಡುತ್ತಿದ್ದೀಯೆಂದು ಕೇಳಿದಳು. ಹೆಮ್ಮೆಯಿಂದ ಹೇಳಿದೆ. ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅಗ ಬಾಯಿ, ಉಲ್ಟಾ ಸುತ್ತಿದೆಯಲ್ಲೇ."

ಪ್ರದಕ್ಷಿಣೆಯೆಂದರೆ ದೇವರು ಬಲಗಡೆ ಇರಬೇಕು. ಪ್ರತಿದಿನ ಮೀನು ಮಾರುವ ಬಾಯಿಯ ಹಿಂದೆ, ತರಕಾರಿಗೆ, ಸ್ಟೇಷನ್ನಿಗೆ ಎಂದು ಗಲ್ಲಿಯಿಂದ ದೊಡ್ಡ ರಸ್ತೆಗೆ ಹೋಗಿ ಹೋಗಿ ಅಭ್ಯಾಸವಾದ ಕಾಲು, ಅದೇ ದಾರಿಗೆ ಇಳಿದಿತ್ತು. ಮರ ಉದ್ದಕ್ಕೂ ಎಡಗಡೆಗಿತ್ತು. ಹಾಗೆ ಅಪ್ರದಕ್ಷಿಣೆ ಬರುವುದು ಸತ್ತವರಿಗೆ. ಎರಡು ಮಕ್ಕಳನ್ನು ಕಳೆದುಕೊಂಡವಳು, ಮೂರನೆಯದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಹೆಣಕ್ಕೆ ಸುತ್ತುವ ಸುತ್ತು ಸುತ್ತಿ ಬಂದಿದ್ದೆ.

ನಮ್ಮ ಮೆಟ್ಟಿಲ ಮೇಲೆ ಕುಸಿದು ಕೂತೆ. ಎದುರು ಖೋಲಿಯಲ್ಲಿ ದರ್ಜಿಯ ಕುಟುಂಬವಿತ್ತು, ಬಿಜಾಪುರ ಕಡೆಯ ಸಾಬರು. ದರ್ಜಿಯ ಹೆಂಡತಿ ಅಂಗಿಗೆ ಗುಂಡಿಯ ಕಾಜಾ ಹಾಕುತ್ತಾ ಬಾಗಿಲಲ್ಲಿ ಕೂತಿದ್ದವಳು ಎದ್ದು ಬಂದಳು. ನಾನು ಅಳುತ್ತಾ ಹೇಳಿದ್ದು ಅವಳಿಗೆ ಅರ್ಧ ಅರ್ಥವಾಯಿತೋ ಇಲ್ಲವೋ. ಮರ, ಉಲ್ಟಾ, ಮಗು, ಇಷ್ಟಂತೂ ಆಯಿತು. ಅವಳು ಬೆರಳಿಗೆ ಸುತ್ತಿಕೊಂಡಿದ್ದ ದಾರವನ್ನು ತೋರಿಸಿದಳು.

"ಯಕ್ಕಾ, ದಾರ ಉಲ್ಟಾ ಸುತ್ತಿದ್ರ ನಾವೇನ್ ಕತ್ತರಿಸಿ ಒಗಿತೀವೇನ? ಹೊಳ್ಳಿ ಸೀದಾ ಸುತ್ತತೀವಿ, ಬಿಚ್ಚತೈತಿ. ಏಳು, ಈಗ ಹೊಳ್ಳಿ ಸುತ್ತು."

ಯಾವ ಪುರೋಹಿತರಲ್ಲಿ ಕೇಳಿದರೂ ಅದಕ್ಕಿಂತ ಸಮಾಧಾನದ ಮಾತು ಸಿಗುತ್ತಿರಲಿಲ್ಲ. ದೇವರು ನನಗೆ ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ನಾನು ಮಲಗುವ ಮುಂಚೆ ನೆನೆಯುವುದುಂಟು, ಅದರಲ್ಲಿ ಆ ದಾರ ಇವತ್ತಿಗೂ ಮೊದಲು ಬರುತ್ತದೆ. ಎದ್ದೆ. ಉಲ್ಟಾ ಬಂದದ್ದನ್ನು ಬಿಚ್ಚಲು ಒಂದು ಸುತ್ತು, ಆಮೇಲೆ ಹರಕೆಯ ಮೂರು ಸುತ್ತು. ಮೊದಲಿನ ಹಾಗೆ ಹೂವು ಮುಗಿಯುವವರೆಗೆ ಸುತ್ತಲು ಬಿಲ್ಡಿಂಗು ಸಣ್ಣದಲ್ಲ, ಅದನ್ನು ದೇವರಿಗೆ ಹೇಳಿ ಒಪ್ಪಿಸಿದೆ. ಬಸುರಿಯನ್ನು ಒಬ್ಬಳೇ ಬಿಡಬಾರದೆಂದು ದರ್ಜಿಯ ಹೆಂಡತಿ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಜೊತೆಗೆ ಬಂದಳು. ನಾನು ನಿನ್ನ ಗಿಡಕ್ಕೆ ಸುತ್ತುತ್ತಿಲ್ಲ, ನಿನ್ನ ಸಂಗಡ ನಡೆಯುತ್ತಿದ್ದೇನೆ, ನಿನ್ನ ದೇವರಿಗೂ ನನ್ನ ದೇವರಿಗೂ ಅದನ್ನು ಹೇಳಿಬಿಡು ಎಂದಳು. ನಾನು ನಾರಾಯಣ ನಾರಾಯಣ ಎನ್ನುತ್ತಿದ್ದೆ, ಅವಳು ತುಟಿಯಲ್ಲಿ ಅವಳದ್ದೇನೋ ಹೇಳಿಕೊಳ್ಳುತ್ತಿದ್ದಳು.

ಹಾಗೆ ಶುರುವಾಯಿತು. ಸರಿಯಾದ ದಿಕ್ಕಿನಲ್ಲಿ ಮೊದಲು ಬರುವುದು ತಬೇಲೆ. ಸೆಗಣಿ, ಗಂಜಲ, ಬಿಲ್ಡಿಂಗಿನ ಹಿಂಬದಿಯ ಕೊಳವೆಗಳು, ಆ ಕೊಳವೆಗಳಿಂದ ತೊಟ್ಟಿಕ್ಕುವ ನೀರು. ಪ್ರದಕ್ಷಿಣೆ ಬರಿಗಾಲಿನದ್ದು. ಆಮೇಲೆ ಗಿರಣಿಯ ಗಲ್ಲಿ, ಹಿಟ್ಟಿನ ಧೂಳು. ಕೊನೆಗೆ ದೊಡ್ಡ ರಸ್ತೆ, ಮುಂದಿನ ಗೇಟು, ಅಲ್ಲಿಂದ ಬಲಕ್ಕೆ ತಿರುಗಿದರೆ ನಮ್ಮ ಗಲ್ಲಿ. ಮರ ಮುಟ್ಟುವ ಬದಲು ಗೋಡೆ ಮುಟ್ಟುತ್ತಿದ್ದೆ. ಎರಡನೇ ವಾರ ಮರಾಠಿ ಬಾಯಿ ತನ್ನ ಸೊಸೆಯನ್ನು ಕರೆತಂದಳು. ಆಮೇಲೆ ಮರವನ್ನು ನಂಬಿದ್ದ ಉಳಿದವರೂ ಬಂದರು. ಆ ಸೊಸೆ ಬಹಳ ಚುರುಕು. ಕೊಳವೆಗಳ ಕೆಳಗೆ ಹಾದುಹೋಗುವಾಗ, ನೋಡಿ ನಮ್ಮ ಪುಣ್ಯ, ಇವರ ದೇವರಿಗೂ ಪ್ರದಕ್ಷಿಣೆ ಆಯಿತು, ಸಂಡಾಸಿಗೂ ಆಯಿತು ಎಂದಳು. ನಾರಾಯಣ ಎನ್ನುವ ಬಾಯಲ್ಲಿ ನನಗೆ ನಗು ತಡೆಯಲಿಲ್ಲ. ಆ ವರ್ಷ ಬಿಲ್ಡಿಂಗಿನ ಒಬ್ಬ ಸಿಂಧಿ ಸೊಸೆ ಗರ್ಭಿಣಿಯಾದಾಗ ಚಾಳಿನ ಹೆಂಗಸರೆಲ್ಲ, ನಮ್ಮ ಸುತ್ತಿನದ್ದೇ ಫಲ, ಬಾಣಂತಿ ಲಾಡು ನಮಗೂ ಬರಬೇಕು ಎಂದು ಮಾತಾಡಿಕೊಂಡೆವು. ಬರಲಿಲ್ಲ, ಅದು ಬೇರೆ.

ನಮ್ಮ ಮನೆಯವರು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. ಅವರು ಉಣ್ಣುವ ಅನ್ನ ಆ ಬಿಲ್ಡಿಂಗಿನ ಎರಡನೇ ಮಾಳಿಗೆಯಿಂದ ಬರುತ್ತಿತ್ತು, ನನಗೂ ಗೊತ್ತಿತ್ತು. ಆದರೆ ಒಂದು ಶನಿವಾರ ತಬೇಲೆಯ ದಾರಿಯಲ್ಲಿ ಗೋಡೆ ಕಟ್ಟಿದವರು ಚೆಲ್ಲಿದ್ದ ಗಾಜಿನ ಚೂರೆಲ್ಲ ಬಳಿದು ಒಂದು ಮೂಲೆಗೆ ಗುಡ್ಡೆ ಹಾಕಿತ್ತು. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಇವರು ನಮ್ಮ ಪೊರಕೆ ಒಯ್ದದ್ದನ್ನು ನೋಡಿದ್ದಾಗಿ ತಬೇಲೆಯವನು ಹೇಳಿದ.

ಸುತ್ತಲು ಬರುವವರು ಹೆಚ್ಚಾದಂತೆ ಬಿಲ್ಡಿಂಗಿನವರಿಗೆ ದಿಗಿಲು ಶುರುವಾಯಿತು. ಶನಿವಾರ ಬೆಳಿಗ್ಗೆ ಚಾಳಿನ ಹೆಂಗಸರು ಒದ್ದೆ ತಲೆಯಲ್ಲಿ, ಬರಿಗಾಲಲ್ಲಿ, ಏನೋ ಮಣಮಣ ಹೇಳುತ್ತಾ ತಮ್ಮ ಮನೆಯನ್ನು ಸುತ್ತಿದರೆ ಯಾರಿಗಾದರೂ ಹೆದರಿಕೆಯಾಗುತ್ತದೆ. ಮಾಟ ಮಾಡಿಸುತ್ತಿದ್ದಾರೆ ಎಂದು ಮೂರನೇ ಮಾಳಿಗೆಯವರು ನಿಂಬೆಹಣ್ಣು ಕಟ್ಟಿದರಂತೆ. ಒಂದು ಶನಿವಾರ ಸೊಸೈಟಿಯ ಸೆಕ್ರೆಟರಿಯೇ ಗೇಟಿನಲ್ಲಿ ಕಾದು ನಿಂತಿದ್ದರು, ಸರಕಾರಿ ನೌಕರಿಯಿಂದ ರಿಟೈರಾದ ಮನುಷ್ಯ, ಕೈಯಲ್ಲಿ ಮಡಚಿದ ಛತ್ರಿ. ನನಗೆ ಆಗ ಏಳು ತಿಂಗಳು ಕಳೆದಿತ್ತು. ಆ ಏಳನೇ ತಿಂಗಳನ್ನು ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತು. ನಮ್ಮ ಬಿಲ್ಡಿಂಗಿಗೆ ನೀವು ಏಕೆ ಸುತ್ತು ಹಾಕುತ್ತಿದ್ದೀರಿ ಎಂದು ಛತ್ರಿ ಆಡಿಸುತ್ತಾ ಕೇಳಿದರು. ನನ್ನ ಹಿಂದಿ ಈಗಲೂ ಅಷ್ಟಕ್ಕಷ್ಟೇ, ಆಗಂತೂ ಕೇಳಬೇಡಿ. ಆದರೂ ಹೇಳಿದೆ. ಬಿಲ್ಡಿಂಗಿಗೆ ನಾವು ಸುತ್ತುತ್ತಿಲ್ಲ ಸಾಹೇಬರೇ, ಮರಕ್ಕೆ ಸುತ್ತುತ್ತಿದ್ದೇವೆ, ನಿಮ್ಮ ಬಿಲ್ಡಿಂಗು ನಡುವೆ ಬಂದಿದೆ.

ವಾಚ್‌ಮನ್ ಆ ಕಡೆ ತಿರುಗಿ ಕೆಮ್ಮಿದ. ರಸ್ತೆ ಮುನ್ಸಿಪಾಲ್ಟಿಯದ್ದು, ನಡೆಯಬೇಡಿ ಎನ್ನಲು ಬರುವುದಿಲ್ಲ ಎಂಬುದು ಸೆಕ್ರೆಟರಿಗೂ ಗೊತ್ತಿತ್ತು. ಅವರು ಧನಿಗಳಿಗೆ ಹೇಳಿದರು, ನಿಮ್ಮ ಅಡಿಗೆಯವನ ಹೆಂಡತಿಯೇ ಮುಂದಾಳು ಎಂದು. ಧನಿಗಳು ನಮ್ಮವರಿಗೆ ಏನೆಂದರೋ ಇವರು ನನ್ನಲ್ಲಿ ಹೇಳಲಿಲ್ಲ. ಎರಡು ದಿನ ಮಾತು ಕಡಿಮೆ ಇತ್ತು, ಅಷ್ಟೇ.

ಮುಂದಿನ ಶನಿವಾರ ಗೇಟಿನ ಹತ್ತಿರ ಅಕ್ಕನೇ ಇಳಿದು ಬಂದಿದ್ದರು. ಮೈಮೇಲೆ ಒಳ್ಳೆಯ ಸೀರೆ, ಕಾಲಲ್ಲಿ ಚಪ್ಪಲಿ. ನನ್ನ ಹೊಟ್ಟೆ ನೋಡಿದರು, ಕಾಲು ನೋಡಿದರು. ಊದಿಕೊಂಡಿತ್ತು, ಸೆಗಣಿ ಹತ್ತಿತ್ತು. ಕಣ್ಣು ತುಂಬಿಕೊಂಡರು, ಸುಳ್ಳಲ್ಲ. ಉಳಿದವರಿಗೆ ಕೇಳದ ಹಾಗೆ ಪಕ್ಕಕ್ಕೆ ಕರೆದು ತುಳುವಿನಲ್ಲಿ ಹೇಳಿದರು.

"ನೀನು ಒಬ್ಬಳೇ ಬಾ, ಹಿಂದಿನ ಗೇಟಿನಿಂದ. ನಮ್ಮ ಮನೆಗೆ ಅರೆಯಲು ಬರುವವಳು ಎಂದು ವಾಚ್‌ಮನ್‌ಗೆ ಹೇಳಿರ್ತೇನೆ. ಮರಕ್ಕೆ ಬೇಕಾದಷ್ಟು ಸುತ್ತು, ಮುಟ್ಟಿ ಹೋಗು. ಯಾರೂ ಕೇಳುವುದಿಲ್ಲ."

"ಇವರೆಲ್ಲ?"

"ಎಲ್ಲರನ್ನೂ ಬಿಡುವುದು ನನ್ನ ಕೈಯಲ್ಲಿ ಉಂಟಾ ಮಾರಾಯ್ತಿ? ಹೊಟ್ಟೆಯಲ್ಲಿ ಇರುವುದನ್ನು ನೋಡು. ಎರಡು ಹೋಗಿದೆ. ಹಟ ಮಾಡಬೇಡ."

ಅವರು ಕೆಟ್ಟದ್ದಕ್ಕೆ ಹೇಳಿರಲಿಲ್ಲ. ಮರ ಕೈಯಳತೆಯಲ್ಲಿತ್ತು. ನಾನು ಒಳಗೆ ಹೋಗಿ ಮುಟ್ಟಿದರೆ ನನ್ನ ಹರಕೆ ಸರಿಯಾಗಿ ಸಲ್ಲುತ್ತದೆ. ಹೋಗದೆ, ನಾಳೆ ಏನಾದರೂ ಆದರೆ, ಹಟದಿಂದ ಮೂರನೆಯದನ್ನೂ ಕಳೆದುಕೊಂಡಳು ಎಂದು ಊರೆಲ್ಲ ಹೇಳುತ್ತದೆ. ಊರು ಬಿಡಿ, ನಾನೇ ಹೇಳಿಕೊಳ್ಳುತ್ತೇನೆ. ಹಿಂದೆ ತಿರುಗಿ ನೋಡಿದೆ. ಮರಾಠಿ ಬಾಯಿಯ ಸೊಸೆ ಹೂವಿನ ತಟ್ಟೆ ಹಿಡಿದು ನಿಂತಿದ್ದಳು. ದರ್ಜಿಯ ಹೆಂಡತಿ ನನ್ನ ಚಪ್ಪಲಿಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು, ಸುತ್ತು ಮುಗಿದ ತಕ್ಷಣ ಹಾಕಿಕೊಳ್ಳಲೆಂದು.

"ನೀವು ಆ ಮರಕ್ಕೆ ಸುತ್ತಿದಾಗ ಯಾರ ಮನೆಗೆ ಅರೆಯಲು ಬಂದವರು ಎಂದು ಸುತ್ತಿದ್ದು, ಅಕ್ಕ?"

ಅವರು ತಮ್ಮ ಚಪ್ಪಲಿ ನೋಡಿಕೊಂಡರು.

"ನಾನು ದೇವರ ಹತ್ತಿರ ಹೋಗುವುದಕ್ಕೆ ಸುಳ್ಳು ಹೇಳಿ ಹೋಗುವುದಿಲ್ಲ. ನಿಮ್ಮ ಮನೆಗೆ ಅರೆಯಲು ಕರೆದರೆ ಬರ್ತೇನೆ, ಅರೆದು ಕೊಡ್ತೇನೆ, ಅದರಲ್ಲಿ ನನಗೆ ನಾಚಿಕೆ ಇಲ್ಲ. ಇದಕ್ಕೆ ಮಾತ್ರ ಮುಂದಿನ ಗೇಟು."

ಇಷ್ಟು ಹೇಳಿ ಮುಂದೆ ನಡೆದೆ. ಅಮ್ಮ ಅನ್ನಬೇಕಿತ್ತು, ಅಕ್ಕ ಎಂದಿದ್ದೆ, ಅದು ಗಲ್ಲಿ ತಿರುಗಿದ ಮೇಲೆ ಗೊತ್ತಾಯಿತು. ಇನ್ನೊಂದು ವಿಷಯವೂ ಆವತ್ತು ಮನಸ್ಸಿಗೆ ಬಂತು. ಇಷ್ಟು ತಿಂಗಳಲ್ಲಿ ಗೋಡೆಯ ಒಳಗಿನಿಂದ ಆ ಮರಕ್ಕೆ ಒಬ್ಬರೂ ಸುತ್ತು ಬಂದಿರಲಿಲ್ಲ. ಮರಾಠಿ ಬಾಯಿ ದಿನವೂ ನೋಡುತ್ತಿದ್ದಳು. ಕಟ್ಟೆಯ ಮೇಲೆ ಯಾರದ್ದೋ ಸ್ಕೂಟರಿನ ಸ್ಟೆಪ್ನಿ ಇಟ್ಟಿತ್ತಂತೆ. ಒಳಗಿನವರಿಗೆ ಮರ ಬೇಕಿರಲಿಲ್ಲ. ನಾವು ಒಳಗೆ ಬರುವುದು ಬೇಡವಾಗಿತ್ತು, ಮರ ಅದರ ಜೊತೆಗೆ ಹೋಯಿತು.

ಆಮೇಲಿನ ವಾರಗಳಲ್ಲಿ ಭಯವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಗು ಸ್ವಲ್ಪ ಹೊತ್ತು ಅಲುಗದಿದ್ದರೆ ಒಲೆಯ ಮುಂದೆಯೇ ಕಣ್ಣುಮುಚ್ಚಿ ಕೂರುತ್ತಿದ್ದೆ. ದೇವರೇ, ಬಾಗಿಲು ಹಾಕಿದವಳು ನಾನಲ್ಲ, ಲೆಕ್ಕ ಕೇಳುವುದಿದ್ದರೆ ಬೇರೆ ಕಡೆ ಕೇಳು ಎನ್ನುತ್ತಿದ್ದೆ. ದೇವರ ಜೊತೆ ಹೀಗೆ ಮಾತಾಡಬಾರದು, ಗೊತ್ತು. ಅವನು ಸಿಟ್ಟು ಮಾಡಿಕೊಂಡ ಹಾಗೆ ಕಾಣಲಿಲ್ಲ, ಸ್ವಲ್ಪದರಲ್ಲೇ ಒಂದು ಒದೆ ಬೀಳುತ್ತಿತ್ತು.

ದಿನ ತುಂಬಿದ ಮೇಲೆ ಒಂದು ಶನಿವಾರ. ಮೂರನೇ ಸುತ್ತಿನಲ್ಲಿ ಗಿರಣಿಯ ಗಲ್ಲಿಯಲ್ಲಿದ್ದಾಗ ಸೊಂಟ ಮುರಿಯುವಂಥ ನೋವು ಬಂತು. ಗಿರಣಿಯ ಕಟ್ಟೆ ಹಿಡಿದು ನಿಂತೆ. ಕಾಲು ಒದ್ದೆಯಾಯಿತು. ದರ್ಜಿಯ ಹೆಂಡತಿ ಐದು ಹೆತ್ತವಳು, ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಸೊಸೆಯನ್ನು ದೊಡ್ಡ ರಸ್ತೆಗೆ ಓಡಿಸಿ ಟ್ಯಾಕ್ಸಿ ತರಿಸಿದಳು. ಟ್ಯಾಕ್ಸಿಯವನು ಗಡ್ಡದ ಸರ್ದಾರಜಿ. ಅವಳು ಒಂದು ಕಡೆ, ಮರಾಠಿ ಬಾಯಿ ಒಂದು ಕಡೆ, ನನ್ನನ್ನು ನಡುವೆ ಕೂರಿಸಿದರು. ಆಸ್ಪತ್ರೆಗೆ ಹೋಗಲು ದೊಡ್ಡ ರಸ್ತೆಯಲ್ಲಿ ಎಡಕ್ಕೆ ತಿರುಗಬೇಕು.

ಬಲಕ್ಕೆ ಎಂದೆ ನಾನು.

ಆಸ್ಪತ್ರೆ ಈ ಕಡೆ ಬೇಟೀ ಎಂದರು ಸರ್ದಾರಜಿ. ನನಗೆ ನೋವಿನಲ್ಲಿ ಹಿಂದಿಯೂ ಬರುತ್ತಿರಲಿಲ್ಲ, ಮರಾಠಿಯೂ ಬರುತ್ತಿರಲಿಲ್ಲ. ಮುಂದಿನ ಸೀಟನ್ನು ಬಡಿದು ಬಲಕ್ಕೆ ಬಲಕ್ಕೆ ಎಂದು ಕನ್ನಡದಲ್ಲಿಯೇ ಹೇಳಿದೆ. ದರ್ಜಿಯ ಹೆಂಡತಿ ಅವರಿಗೆ ತನ್ನ ದಖನಿಯಲ್ಲಿ ತಿಳಿಸಿ ಹೇಳಿದಳು: ಚಾಚಾ, ಇವಳದ್ದು ಒಂದು ಮನ್ನತ್ ಇದೆ, ಈ ಬಿಲ್ಡಿಂಗಿನ ಮುಂದಿನಿಂದ ಹೋಗಿ ಆ ಗಲ್ಲಿಯಲ್ಲಿ ಒಂದು ಗೋಡೆ ಮುಟ್ಟಿಸಬೇಕು, ಮುಟ್ಟಿಸದಿದ್ದರೆ ಇವಳು ಆಸ್ಪತ್ರೆಗೆ ಬರುವುದಿಲ್ಲ, ಹೆರುವುದು ನಿಮ್ಮ ಗಾಡಿಯಲ್ಲೇ ಆಗುತ್ತದೆ. ಸರ್ದಾರಜಿ ಮರು ಮಾತಾಡದೆ ಬಲಕ್ಕೆ ತಿರುಗಿಸಿದರು. ಮುಂದಿನ ಗೇಟು ದಾಟಿತು. ವಾಚ್‌ಮನ್ ಎದ್ದು ನಿಂತ. ನಮ್ಮ ಗಲ್ಲಿಯಲ್ಲಿ ಅಲ್ಲಿಯವರೆಗೆ ಕೈಗಾಡಿ ಬಿಟ್ಟರೆ ಯಾವ ಗಾಡಿಯೂ ಬಂದಿರಲಿಲ್ಲ. ಹಾರ್ನ್ ಹೊಡೆಯುತ್ತಾ, ಬಕೆಟು ಕೊಡಪಾನ ಸರಿಸುತ್ತಾ ಮರದ ಗೋಡೆಯವರೆಗೆ ತಂದು ನಿಲ್ಲಿಸಿದರು. ಮರಾಠಿ ಬಾಯಿಯನ್ನು ದಾಟಿ ಕಿಟಕಿಯಿಂದ ಕೈ ಚಾಚಿದೆ, ಗೋಡೆ ಸಿಕ್ಕಿತು. ಅದೇ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡೆ. ಈಗ ಎಲ್ಲಿಗಾದರೂ ಹೋಗಿ ಎಂದೆ.

ಹೆಣ್ಣು ಮಗು. ಹುಟ್ಟಿದ್ದೇ ಅಳತೊಡಗಿತು. ಮೊದಲ ಎರಡರಲ್ಲಿ ನಾನು ಕೇಳದೆ ಹೋದ ಸದ್ದು ಅದು. ನರ್ಸು, ಏನು ಗಲಾಟೆ ಇದರದ್ದು ಎಂದು ಬೈದಳು. ಇನ್ನಷ್ಟು ಅಳಲಿ ಸಿಸ್ಟರ್ ಎಂದೆ.

ಹರಕೆ ತೀರಿತ್ತು. ಬಾಣಂತನ ಮುಗಿಸಿ, ಮಗುವನ್ನು ಮರಕ್ಕೆ ತೋರಿಸುವುದು ಒಂದು ಬಾಕಿ. ಕಟ್ಟೆಯ ಮೇಲೆ ಮಲಗಿಸಿ ಎತ್ತಿಕೊಳ್ಳುವುದು ಪದ್ಧತಿ. ಆ ಶನಿವಾರದ ಹಿಂದಿನ ದಿನ ನಮ್ಮ ಮನೆಯವರು ಹೋಟೆಲಿನಿಂದ ಬಂದವರು ಊಟಕ್ಕೆ ಕೂತು, ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದರು. ಧನಿಗಳು ಕರೆದಿದ್ದರಂತೆ. ಅಮ್ಮ ತುಂಬ ಹೇಳಿದ್ದರಿಂದ ಸೊಸೈಟಿಯವರು ಒಪ್ಪಿದ್ದಾರಂತೆ, ನಾವು ಗಂಡ ಹೆಂಡತಿ ಮಗುವನ್ನು ಕರೆದುಕೊಂಡು ಮುಂದಿನ ಗೇಟಿನಿಂದಲೇ ಹೋಗಬಹುದಂತೆ.

ಅಕ್ಕ ಅಷ್ಟು ಮಾಡಿದ್ದರು. ಅದನ್ನು ಇಲ್ಲಿ ಬರೆಯದಿದ್ದರೆ ನನಗೆ ಪಾಪ ಬರುತ್ತದೆ.

"ಉಳಿದವರು?" ಎಂದೆ.

"ಅದನ್ನು ನಾನೇ ಕೇಳಿದೆ," ಎಂದರು ಇವರು. ತಲೆಯೆತ್ತದ ಮನುಷ್ಯ. ಅಷ್ಟು ವರ್ಷದಲ್ಲಿ ಗಲ್ಲಾದ ಎದುರು ನಿಂತು ಅವರು ಒಂದು ಪ್ರಶ್ನೆ ಕೇಳಿದ್ದನ್ನು ನಾನು ಕೇಳಿದ್ದಿಲ್ಲ.

"ಏನಂದರು?"

"ಆಗುವುದಿಲ್ಲ ಅಂದರು. ಹಾಗಾದರೆ ನಮಗೆ ಹೊರಗಿನ ದಾರಿ ಅಭ್ಯಾಸ ಉಂಟು ಧನಿ ಅಂದೆ."

ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದೆ.

ಮರುದಿನ ಅವರು ಬೆಳಗಿನ ಡ್ಯೂಟಿಗೆ ಹೋಗಲಿಲ್ಲ. ಸ್ನಾನ ಮಾಡಿ ಮಡಿ ಉಟ್ಟುಕೊಂಡು ಮಗುವನ್ನು ತಾವೇ ಎತ್ತಿಕೊಂಡರು. ಗಂಡಸರು ಯಾರೂ ಅಲ್ಲಿಯವರೆಗೆ ನಮ್ಮ ಸುತ್ತಿಗೆ ಬಂದವರಲ್ಲ. ತಬೇಲೆಯಲ್ಲಿ ಎಮ್ಮೆಗಳು ಮಗುವನ್ನು ಮೂಸಲು ಬಂದವು, ಗಿರಣಿಯವನು ಕೈಮುಗಿದ. ದೊಡ್ಡ ರಸ್ತೆಗೆ ಬಂದಾಗ ಬಿಸಿಲು ಏರಿತ್ತು. ಮುಂದಿನ ಗೇಟಿನಲ್ಲಿ ಕಾರು ನಿಂತಿತ್ತು, ಧನಿಗಳು ಹತ್ತಲು ಬಾಗಿಲು ತೆಗೆದಿದ್ದರು. ನಮ್ಮನ್ನು ನೋಡಿದರು. ಮಗುವನ್ನು ಎತ್ತಿಕೊಂಡ ತಮ್ಮ ಅಡಿಗೆಯವರು, ಹಿಂದೆ ನಾನು, ನನ್ನ ಹಿಂದೆ ಚಾಳಿನ ಹೆಂಗಸರು. ಎರಡನೇ ಮಾಳಿಗೆಯ ಬಾಲ್ಕನಿಯಲ್ಲಿ ಅಕ್ಕ ನಿಂತಿದ್ದರು. ವಾಚ್‌ಮನ್ ಅಪ್ಪಣೆ ಇದ್ದುದರಿಂದ ಗೇಟನ್ನು ಪೂರ್ತಿ ತೆರೆದು ಪಕ್ಕಕ್ಕೆ ನಿಂತ. ಒಳಗೆ ಮರ ಕಾಣುತ್ತಿತ್ತು, ಕಟ್ಟೆ ತೊಳೆದಿತ್ತು.

ಇವರು ನಿಲ್ಲಲಿಲ್ಲ. ಮಗುವನ್ನು ಬಲ ಹೆಗಲಿಗೆ ಹಾಕಿಕೊಂಡರು, ಮರದ ಕಡೆಗೆ ಅದರ ಮುಖ ಬರುವ ಹಾಗೆ.

"ನಮಸ್ಕಾರ ಧನಿ," ಎಂದರು ನಡೆಯುತ್ತಲೇ. "ಸುತ್ತು ಮುಗಿಸಿ ಮಧ್ಯಾಹ್ನದ ಡ್ಯೂಟಿಗೆ ಬರ್ತೇನೆ."

ಧನಿಗಳು ಕಾರಿನ ಬಾಗಿಲನ್ನೇ ಹಿಡಿದುಕೊಂಡು ನಿಂತರು. ನಾವು ಗಲ್ಲಿಯ ಬಾಯಿಯಲ್ಲಿ ಬಲಕ್ಕೆ ತಿರುಗಿದೆವು.